ಗರ್ಭಸ್ಥ ಶಿಶುವಿನ ಬೆಳವಣಿಗೆಯೂ ತಾಯಿಯ ಉಪವಾಸವೂ

ಪರ್ವದಿನಗಳು ಸಮೀಪಿಸಿದಾಗ ಅನೇಕ ಶ್ರಾವಕರ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: ನೋಂಪಿ ಹಿಡಿದ ಸೊಸೆಯು ಗರ್ಭಿಣಿಯಾದರೆ ಉಪವಾಸವನ್ನು ಮುಂದುವರಿಸಬೇಕೇ? ಇದಕ್ಕೆ ಉತ್ತರ ಕಾಣಲು ಗರ್ಭದಲ್ಲಿ ಶಿಶುವು ಬೆಳೆಯುವ ಕ್ರಮವನ್ನು ಮೊದಲು ತಿಳಿಯಬೇಕು.

ಗರ್ಭಕಾಲವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ, ಅಂದರೆ 280 ದಿನಗಳೆಂದು ಎಣಿಸುವುದು ರೂಢಿ. ಇಲ್ಲಿ ಹೇಳಿರುವ ವಾರಗಳೆಲ್ಲ ಈ ಎಣಿಕೆಯವೇ.

ಮೊದಲ ಘಟ್ಟ (12ನೆಯ ವಾರದವರೆಗೆ): ಅಂಡನಾಳದಲ್ಲಿ ಫಲಿತವಾದ ಅಂಡವು ವಿಭಜನೆಗೊಳ್ಳುತ್ತ, ಸುಮಾರು ಒಂದು ವಾರದಲ್ಲಿ ಗರ್ಭಕೋಶದ ಒಳಪದರದಲ್ಲಿ ನೆಲೆಗೊಳ್ಳುತ್ತದೆ. ಆರನೆಯ ವಾರದಲ್ಲಿ ಹೃದಯವು ಮಿಡಿಯತೊಡಗುತ್ತದೆ. ಮೆದುಳು ಮತ್ತು ಬೆನ್ನುಹುರಿಗೆ ಮೂಲವಾದ ನರನಾಳವು ಅದೇ ವಾರದ ಕೊನೆಗೆ ಮುಚ್ಚಿಕೊಳ್ಳುತ್ತದೆ. ತಾನು ಗರ್ಭಿಣಿಯೆಂದು ತಾಯಿಗೆ ಖಚಿತವಾಗುವ ಮೊದಲೇ ಈ ಕಾರ್ಯವು ಮುಗಿದಿರುವುದೂ ಉಂಟು. ಆದುದರಿಂದಲೇ ಪ್ರತಿದಿನ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮುನ್ನವೇ ಆರಂಭಿಸಬೇಕೆಂದು ವೈದ್ಯರು ಹೇಳುವರು. ಹತ್ತನೆಯ ವಾರದ ಕೊನೆಗೆ ಮುಖ್ಯ ಅವಯವಗಳೆಲ್ಲ ರೂಪ ತಳೆದಿರುತ್ತವೆ. ಶಿಶುವಿನ ಉದ್ದವಾದರೋ ಸುಮಾರು 3 ಸೆಂ.ಮೀ. ಮಾತ್ರ.

ಎರಡನೆಯ ಘಟ್ಟ (13ರಿಂದ 27): ಚೊಚ್ಚಲ ಗರ್ಭಿಣಿಗೆ ಸಾಮಾನ್ಯವಾಗಿ 18–20ನೆಯ ವಾರದಲ್ಲಿ ಶಿಶುವಿನ ಚಲನೆಯು ತಿಳಿಯುತ್ತದೆ. ಆಗ ಅದರ ತೂಕ ಸುಮಾರು 300 ಗ್ರಾಂ. 25ನೆಯ ವಾರದ ಆಸುಪಾಸಿನಲ್ಲಿ ಅದು ಶಬ್ದಕ್ಕೆ ಸ್ಪಂದಿಸತೊಡಗುತ್ತದೆ. ತಾಯಿಯ ರಕ್ತವು ಶಿಶುವಿನ ರಕ್ತದೊಡನೆ ನೇರವಾಗಿ ಬೆರೆಯುವುದಿಲ್ಲ. ಮಾಸಿನ ತೆಳುಪೊರೆಯನ್ನು ದಾಟಿ ಸಕ್ಕರೆ, ಆಮ್ಲಜನಕ, ಕಬ್ಬಿಣ ಮೊದಲಾದವು ಹೊಕ್ಕುಳಬಳ್ಳಿಯ ಮೂಲಕ ಶಿಶುವನ್ನು ಸೇರುತ್ತವೆ.

ಮೂರನೆಯ ಘಟ್ಟ (28ರಿಂದ 40): 28ನೆಯ ವಾರದಲ್ಲಿ ಸುಮಾರು ಒಂದು ಕಿಲೋ ತೂಗುವ ಶಿಶುವು ಉಳಿದ ಹನ್ನೆರಡು ವಾರಗಳಲ್ಲಿ ಅದರ ಎರಡು-ಮೂರು ಪಟ್ಟಾಗಿ ಬೆಳೆಯುತ್ತದೆ. ಶ್ವಾಸಕೋಶಗಳು ಪಕ್ವವಾಗುವುದೂ, ಜನನಾನಂತರದ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣದ ಬಹುಭಾಗವು ಸಂಚಯವಾಗುವುದೂ ಈ ಕಾಲದಲ್ಲಿಯೇ.

ಈಗ ಉಪವಾಸದ ವಿಚಾರ. ಶಿಶುವು ತಾಯಿಯ ರಕ್ತದಿಂದ ಸಕ್ಕರೆಯನ್ನು ಹಗಲಿರುಳೂ ಪಡೆಯುತ್ತಿರುತ್ತದೆ. ಆದ್ದರಿಂದ ಊಟ ಬಿಟ್ಟಾಗ ಗರ್ಭಿಣಿಯ ರಕ್ತದ ಸಕ್ಕರೆಯು ಇತರರಿಗಿಂತ ಬೇಗ ಇಳಿದು, ದೇಹವು ಕೊಬ್ಬನ್ನು ಕರಗಿಸತೊಡಗುತ್ತದೆ. ನೀರನ್ನೂ ಬಿಟ್ಟರೆ ನಿರ್ಜಲತೆಯ ಅಪಾಯವೂ ಕೂಡುತ್ತದೆ. ರಕ್ತಹೀನತೆ, ಮಧುಮೇಹ, ರಕ್ತದೊತ್ತಡ ಉಳ್ಳವರಲ್ಲಿ ಭಯವು ಮತ್ತೂ ಹೆಚ್ಚು. ಒಂದು ದಿನದ ಉಪವಾಸದಿಂದ ಕೇಡಾಗಿಯೇ ತೀರುವುದೆಂದು ಹೇಳಲಾಗದು. ಆದರೆ ತಾಯಿಯು ಸ್ವೇಚ್ಛೆಯಿಂದ ತೊರೆದ ಆಹಾರವನ್ನು ಶಿಶುವು ಸ್ವೇಚ್ಛೆಯಿಂದ ತೊರೆದಿಲ್ಲ.

ಆಶ್ರಿತ ಜೀವಿಗಳ ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಗರ್ಭಸ್ಥ ಶಿಶುವಿಗಿಂತ ಹೆಚ್ಚು ಆಶ್ರಿತವಾದ ಜೀವಿ ಯಾವುದುಂಟು? ಷೋಡಶಕಾರಣ ಭಾವನೆಗಳಲ್ಲಿ ಒಂದಾದ ಶಕ್ತಿತಸ್ತಪವೂ ಶಕ್ತಿಗೆ ತಕ್ಕ ತಪಸ್ಸನ್ನೇ ಹೇಳುತ್ತದೆ.

ಹೀಗಿರಲು ಗರ್ಭಿಣಿಯು ಗುರುಗಳಿಗೆ ಅರಿಕೆ ಮಾಡಿಕೊಂಡು ನೋಂಪಿಯ ಉಪವಾಸಗಳನ್ನು ಮುಂದಕ್ಕೆ ಹಾಕುವುದು ಯುಕ್ತ. ಜಪ, ಸ್ವಾಧ್ಯಾಯ, ದಾನಗಳಿಗೆ ಯಾವ ಅಡ್ಡಿಯೂ ಇಲ್ಲ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವವರು ಸೂರ್ಯೋದಯವಾದೊಡನೆ, ಮಧ್ಯಾಹ್ನ ಹಾಗೂ ಸೂರ್ಯಾಸ್ತಕ್ಕೆ ಮುನ್ನ ರಾಗಿ, ಹೆಸರುಕಾಳು, ಕಡಲೆ, ಹಾಲು, ಹಣ್ಣುಗಳಿಂದ ಕೂಡಿದ ಪುಷ್ಟಿಕರ ಆಹಾರವನ್ನು ಸೇವಿಸಬೇಕು. ರಾತ್ರಿಯ ನೀರು ಹಾಗೂ ಔಷಧಿಯ ವಿಷಯದಲ್ಲಿ ವೈದ್ಯರ ಸಲಹೆಯನ್ನು ಮೀರಬಾರದು. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ಕೊಡುವ ಕಬ್ಬಿಣ ಹಾಗೂ ಫೋಲಿಕ್ ಆಮ್ಲದ ಗುಳಿಗೆಯನ್ನು ಪರ್ವದಿನದಲ್ಲಿಯೂ ತಪ್ಪಿಸಬಾರದು.

ಸೊಸೆಯು ಸಂಕೋಚದಿಂದ ಈ ಮಾತನ್ನು ಎತ್ತಲಾರಳು. ಮನೆಯ ಹಿರಿಯರೇ, ಅದರಲ್ಲಿಯೂ ಅತ್ತೆಯೇ, "ಈ ವರ್ಷ ಉಪವಾಸ ಬೇಡ, ಮಗು" ಎಂದು ಮೊದಲು ಹೇಳುವುದು ಧರ್ಮಕ್ಕೆ ಒಪ್ಪುವ ನಡೆ.