ಬೆಂಗಳೂರಿನ ಮಾರುತ್

ಗಾಡಿ ಎಷ್ಟೇ ಗಟ್ಟಿಮುಟ್ಟಾಗಿರಲಿ, ಎಳೆಯುವ ಎತ್ತುಗಳಲ್ಲಿ ಕಸುವಿಲ್ಲದಿದ್ದರೆ ಏರು ಹತ್ತಲಾರದು. ಯುದ್ಧಯಂತ್ರಗಳಿಗೂ ಈ ಮಾತು ಸಲ್ಲುತ್ತದೆ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡ ‘ಮಾರುತ್’ ಯುದ್ಧವಿಮಾನದ ಚರಿತ್ರೆ ಇದಕ್ಕೊಂದು ನಿದರ್ಶನ.

ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ವಿಮಾನವನ್ನು ನಮ್ಮ ದೇಶದಲ್ಲಿಯೇ ನಿರ್ಮಿಸಬೇಕೆಂಬುದು ಸ್ವತಂತ್ರ ಭಾರತದ ಹಂಬಲವಾಗಿತ್ತು. ಅದಕ್ಕಾಗಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಅವರೂ ಭಾರತೀಯ ಎಂಜಿನಿಯರುಗಳೂ ಸೇರಿ, ಅದೇ ಆಕಾರದ, ಎಂಜಿನಿಲ್ಲದ ಮರದ ವಿಮಾನವೊಂದನ್ನು ಮೊದಲು ಕಟ್ಟಿದರು. ಇನ್ನೊಂದು ವಿಮಾನದಿಂದ ಅದನ್ನು ಎಳೆಸಿ ಮೇಲೇರಿಸಿ, ಗುಣದೋಷಗಳನ್ನು ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಮಾರುತ್ ವಿಮಾನವನ್ನು ಬೆಂಗಳೂರಿನ ಬಾನಿನಲ್ಲಿ ಹಾರಿಸಿದರು.

ಆದರೆ ಒಡಲಿಗೆ ತಕ್ಕ ಉಸಿರು ದೊರೆಯಲಿಲ್ಲ. ಯಾವ ಎಂಜಿನನ್ನು ನಂಬಿ ವಿನ್ಯಾಸ ಮಾಡಲಾಗಿತ್ತೋ, ಆ ‘ಆರ್ಫಿಯಸ್ 12’ರ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋಯಿತು. ಅದನ್ನು ಮುಂದುವರಿಸುವ ವೆಚ್ಚವನ್ನು ಹೊರಲು ಭಾರತವೂ ಮುಂದಾಗಲಿಲ್ಲ. ಸೋವಿಯತ್ ಎಂಜಿನನ್ನು ಪರಿಶೀಲಿಸಿದ್ದಾಯಿತು. ಈಜಿಪ್ಟಿನ ಎಂಜಿನನ್ನು ಅಳವಡಿಸಿ ನೋಡಿದ್ದೂ ಆಯಿತು. ಯಾವುದೂ ಕೈಗೂಡದಿರಲು, ಕಡಮೆ ಶಕ್ತಿಯ ‘ಆರ್ಫಿಯಸ್ 703’ ಎಂಜಿನುಗಳೆರಡೇ ಗತಿಯಾದವು. ಇಮ್ಮಡಿ ವೇಗದ ಮಾತಿರಲಿ, ಶಬ್ದದ ವೇಗವನ್ನು ಮುಟ್ಟುವುದೇ ಪ್ರಯಾಸವಾಯಿತು. ಎಂಜಿನಿನ ಬಲವನ್ನು ಹೆಚ್ಚಿಸಿದ ಮಾದರಿಯನ್ನು 1970ರ ಜನವರಿಯಲ್ಲಿ ಪರೀಕ್ಷಿಸುತ್ತಿದ್ದಾಗ ಸುರಂಜನ್ ದಾಸ್ ಅಪಘಾತಕ್ಕೀಡಾಗಿ ಪ್ರಾಣ ತೆತ್ತರು.

ಹಾಗೆಂದು ಮಾರುತ್ ನಿರುಪಯೋಗಿಯೇನೂ ಆಗಿರಲಿಲ್ಲ. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ನೆಲಕ್ಕೆ ಸಮೀಪವಾಗಿ, ಅಲುಗಾಡದೆ ಹಾರಿ, ಶತ್ರುನೆಲೆಗಳ ಮೇಲೆ ದಾಳಿ ನಡೆಸಿತು. ಒಂದು ಎಂಜಿನ್ ಕೆಟ್ಟರೂ ಮತ್ತೊಂದರ ಆಸರೆಯಿಂದ ಮರಳಿದ ವಿಮಾನಗಳಿದ್ದವು. ಆದರೂ ವೇಗದ ಕೊರತೆ ಅದರ ಭವಿಷ್ಯವನ್ನು ಮೊಟಕುಗೊಳಿಸಿತು. ತಯಾರಾದವು 147 ವಿಮಾನಗಳು. ಅವು ಸೇರಿದ್ದು ವಾಯುಸೇನೆಯ ಮೂರು ದಳಗಳನ್ನು ಮಾತ್ರ. 1990ರ ವೇಳೆಗೆ ಮಾರುತ್ ಸೇವೆಯಿಂದ ಮರೆಯಾಯಿತು.

2001ರಲ್ಲಿ ಬೆಂಗಳೂರಿನಿಂದಲೇ ಮೊದಲು ಹಾರಿದ ‘ತೇಜಸ್’ ವಿಮಾನಕ್ಕೂ ಅಮೆರಿಕದ ಎಂಜಿನನ್ನೇ ಅಳವಡಿಸಬೇಕಾಯಿತು. ವಿಮಾನದ ರೆಕ್ಕೆಯನ್ನು ರೂಪಿಸುವ ಜಾಣ್ಮೆ ನಮ್ಮಲ್ಲಿತ್ತು. ಅದರ ಹೃದಯವನ್ನೂ ನಾವೇ ರೂಪಿಸಬೇಕೆಂಬುದು ಮಾರುತ್ ಕಲಿಸಿದ ಪಾಠ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಮಾರುತ್, ನೋಡುವ ಎಳೆಯರಿಗೆ ಆ ಪಾಠವನ್ನು ಮೌನವಾಗಿ ಹೇಳುತ್ತಿದೆ.

ಅಭ್ಯಾಸ
1. ಮರದ ವಿಮಾನವನ್ನು ಮೊದಲು ಕಟ್ಟಿದ್ದೇಕೆ?
2. ‘ಒಡಲಿಗೆ ತಕ್ಕ ಉಸಿರು ದೊರೆಯಲಿಲ್ಲ’ – ವಿವರಿಸಿ.