ಉದ್ರಿ ಇಲ್ಲದ ಖೋಲಿ

ಬಬಲೇಶ್ವರ, ತಿಕೋಟಾ ಸೀಮೆಯ ಮನೆಗಳಿಗೆ ರೊಕ್ಕ ತಿಂಗಳಿಗೊಮ್ಮೆ ಬರುವುದಿಲ್ಲ. ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯಿಂದ ಹಿಡಿದು ಔಷಧಿಗೆ, ಆಳಿಗೆ ಎಂದು ಹೋಗುತ್ತಲೇ ಇರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ಇಳಿಸಿ, ಶೆಡ್ಡಿನಲ್ಲಿ ಒಣಗಿಸಿ, ಮನೂಕ ಮಾಡಿ ಬಾಕ್ಸ್ ತುಂಬಿ ಕೋಲ್ಡ್ ಸ್ಟೋರೇಜಿಗೆ ಇಡುತ್ತಾರೆ. ಆಮೇಲೆ ದರ ಏರಲೆಂದು ಕಾಯುವುದು. ಮಾಲು ವಿಜಯಪುರದ ಎಪಿಎಂಸಿಗೋ, ಗಡಿ ದಾಟಿ ಸಾಂಗಲಿ, ತಾಸಗಾಂವಕ್ಕೋ ಹೋದ ಮೇಲೆ ಒಮ್ಮೆಲೇ ಕೈತುಂಬ ಹಣ. ಸೊಸೈಟಿ ಸಾಲ, ಗೊಬ್ಬರದಂಗಡಿಯ ಬಾಕಿ, ಮಗಳ ಮದುವೆ ಎಲ್ಲವೂ ಅದರಲ್ಲೇ ಆಗಬೇಕು. ಇಂಥ ಸೀಮೆಯಲ್ಲಿ ಪಗಾರದ ಕೆಲಸ ಬಿಟ್ಟು ಆಪ್ತಸಮಾಲೋಚಕಿಯಾಗಿ ಸ್ವಂತ ಖೋಲಿ ತೆರೆದ ನನ್ನ ಆದಾಯವೂ ಮನೂಕದ ದರದ ಬೆನ್ನು ಹತ್ತಿಯೇ ನಡೆಯುತ್ತದೆ. ಈ ಒಂದು ವರ್ಷದಲ್ಲಿ ನಾನು ವೃತ್ತಿಯಲ್ಲಿ ಬೆಳೆದದ್ದೆಷ್ಟು ಎಂದು ಕೂತು ನೋಡಿದರೆ, ಬಹುಪಾಲು ಈ ಹಣದ ವಿಷಯದಲ್ಲೇ ಬೆಳೆದಿದ್ದೇನೆ.

ನನ್ನ ಖೋಲಿ ವಿಜಯಪುರದಲ್ಲಿದೆ. ವಾರಕ್ಕೊಂದು ದಿನ ಬಬಲೇಶ್ವರದಲ್ಲಿ ಕೂರುತ್ತೇನೆ. ಎರಡೂ ಕಡೆ ಮೊದಲಿಗೆ ಕೇಳಿದ ಪ್ರಶ್ನೆ ಒಂದೇ: ‘ಬರೇ ಮಾತಾಡಾಕ ರೊಕ್ಕ ಯಾಕ್ರಿ ಬಾಯಾರ?’ ಸೂಜಿ ಇಲ್ಲ, ಗುಳಿಗೆ ಇಲ್ಲ. ಆ ಪ್ರಶ್ನೆ ನ್ಯಾಯದ್ದೇ. ನಾನು ಫೀ ಐನೂರು ರೂಪಾಯಿ ಎಂದು ಗೋಡೆಯ ಮೇಲೆ ಬರೆಸಿ ಹಾಕಿದೆ. ಕೊಡಲಾಗದವರಿಗೆ ಕಡಿಮೆ, ತೀರ ಆಗದವರಿಗೆ ಪುಕ್ಕಟೆ ಎಂಬುದನ್ನೂ ಅದರ ಕೆಳಗೇ ಬರೆಸಿದೆ. ಇದನ್ನು ಬಾಯಲ್ಲಿ ಹೇಳಿದರೆ ಕೇಳಿ ಪಡೆಯಬೇಕಾಗುತ್ತದೆ, ಮೊದಲೇ ಕುಗ್ಗಿ ಬಂದವರು ಕೇಳುವುದಿಲ್ಲ.

ತಿಕೋಟಾ ಕಡೆಯ ಹಿರಿಯರೊಬ್ಬರು ಮಗನನ್ನು ಕರೆತರುತ್ತಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಇಲ್ಲಿ ಬರುವ ಎಲ್ಲರ ಮಟ್ಟಿಗೂ ಹಾಗೆಯೇ.) ಎರಡನೇ ಸಲ ಬಂದಾಗ ಅಂಗಿಯ ಒಳಜೇಬಿನಿಂದ ಕೋಲ್ಡ್ ಸ್ಟೋರೇಜಿನ ಪಾವತಿ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ಬಾಕ್ಸ್, ಯಾವ ದಿನ ಇಟ್ಟದ್ದು, ಎಲ್ಲ ಅದರಲ್ಲಿತ್ತು. ‘ಮಾಲು ಐತ್ರಿ, ರೇಟ್ ಇಲ್ಲ. ಮನೂಕ ಮಾರಿದ ಮ್ಯಾಲ ಒಮ್ಮೆಲೆ ಎಲ್ಲಾ ಚುಕ್ತಾ ಮಾಡ್ತೀನಿ, ಬರದ ಇಟ್ಕೋರಿ’ ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನಾನು ಬರೆದುಕೊಳ್ಳಲಿಲ್ಲ. ‘ಬ್ಯಾಡ್ರಿ ಕಾಕಾ. ಇವತ್ತ ಎಷ್ಟ ಆಗತೈತಿ ಅಷ್ಟ ಕೊಡ್ರಿ. ಇವತ್ತಿನ ಲೆಕ್ಕ ಇವತ್ತ ಮುಗೀಲಿ’ ಅಂದೆ. ಅವರು ನೂರು ರೂಪಾಯಿ ಕೊಟ್ಟರು. ಮುಂದೆಯೂ ಅಷ್ಟೇ ಕೊಡುತ್ತ, ಮಗ ಸುಧಾರಿಸುವವರೆಗೆ ಬಂದರು.

ಉದ್ರಿ ಬೇಡ ಎಂದದ್ದು ಔದಾರ್ಯದಿಂದಲ್ಲ, ವೃತ್ತಿಯ ಲೆಕ್ಕದಿಂದ. ಬಾಕಿ ಏರಿದ ಗಿರಾಕಿ ಅಂಗಡಿಯ ಮುಂದಿನ ದಾರಿ ಬಿಟ್ಟು ಸುತ್ತಿ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಗಡಿಯವನಿಗೆ ಅದರಿಂದ ಹಣ ನಷ್ಟ. ನನ್ನಲ್ಲಿ ಹಾಗಾದರೆ, ಅರ್ಧ ಗುಣವಾದ ಮನುಷ್ಯ ನಾಚಿಕೆಯಿಂದ ಬರುವುದನ್ನೇ ಬಿಡುತ್ತಾನೆ. ಫೀ ಕಡಿಮೆ ಮಾಡಬಹುದು, ಬಿಡಬಹುದು, ಸಾಲವಾಗಿ ಉಳಿಸಬಾರದು. ಮನೆಗೆ ಹೋಗಿ ಪಾಠ ಹೇಳುವವರಿಗೆ, ಹೊಲಿಗೆಯವರಿಗೆ, ವಕೀಲರಿಗೆ ಈ ನಿಯಮ ಹೊಂದುತ್ತದೋ ಇಲ್ಲವೋ, ನಮ್ಮ ಕೆಲಸಕ್ಕಂತೂ ಹೊಂದುತ್ತದೆ.

ಹಾಗಾದರೆ ನನ್ನ ಬಾಡಿಗೆ ಯಾರು ಕೊಡಬೇಕು? ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ. ಎರಡು ಬ್ಯಾಂಕ್ ಖಾತೆ ಮಾಡಿದೆ. ಫೀ ಎಲ್ಲ ಖೋಲಿಯ ಖಾತೆಗೆ ಬೀಳುತ್ತದೆ. ಅಲ್ಲಿಂದ ಒಂದನೇ ತಾರೀಖಿಗೆ ಮನೆಯ ಖಾತೆಗೆ ನಿಗದಿತ ಪಗಾರ ಹೋಗುತ್ತದೆ. ಮೇ ತಿಂಗಳಲ್ಲಿ ಎಷ್ಟೇ ಜನ ಬರಲಿ, ಪಗಾರ ಅಷ್ಟೇ. ಚಾಟ್ನಿ ದಿನಗಳಲ್ಲಿ ಖೋಲಿ ಖಾಲಿಯಿದ್ದರೂ ಅಷ್ಟೇ. ಪ್ರತಿ ಫೀಯಲ್ಲೂ ಒಂದು ಪಾಲು ಹಿರಿಯ ಮನಶ್ಶಾಸ್ತ್ರಜ್ಞರ ಮಾರ್ಗದರ್ಶನಕ್ಕೆ ಮೀಸಲು. ಅವರೊಂದಿಗೆ ಕಷ್ಟದ ಪ್ರಕರಣಗಳನ್ನು ಚರ್ಚಿಸಿ, ಅದಕ್ಕೆ ಹಣ ಕೊಡುತ್ತೇನೆ. ಮನೆಯವರಿಗೆ ಇದು ದುಂದು ಅನ್ನಿಸಿತ್ತು. ಈ ವರ್ಷ ನಾನು ಮಾಡಿದ ಅತಿ ಒಳ್ಳೆಯ ಹೂಡಿಕೆ ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಉಳಿದದ್ದರಿಂದ ನಾಲ್ಕು ತಿಂಗಳ ಖರ್ಚಿನಷ್ಟು ಆಪತ್ತಿನ ಹಣ ಕೂಡಿಸಿದೆ. ಅದನ್ನೆಲ್ಲಿಡಬೇಕು ಎಂಬ ಮಾತು ಬಂದಾಗ ಮನೆಯಲ್ಲಿ ವಾದವಾಯಿತು. ಪತ್ತಿನ ಸಹಕಾರಿ ಸಂಘದಲ್ಲಿ ಬಡ್ಡಿ ಹೆಚ್ಚು, ಅಲ್ಲಿಯವರು ನಮಗೆ ಗೊತ್ತಿದ್ದವರೇ ಎಂದರು ನಮ್ಮ ಮಾವ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳಿಗೆ ಈ ರಕ್ಷಣೆಯಿಲ್ಲ. ಆಪತ್ತಿಗೆಂದು ಇಟ್ಟ ಹಣವನ್ನೇ ಆಪತ್ತಿಗೆ ಒಡ್ಡಬಾರದು ಎಂದು ಬ್ಯಾಂಕಿನಲ್ಲೇ ಇಟ್ಟೆ. ಮಾವ ಇನ್ನೂ ಪೂರ್ತಿ ಒಪ್ಪಿಲ್ಲ.

ಈ ಕೂಡಿಟ್ಟ ಹಣದ ಬೆಲೆ ನನಗೆ ತಿಳಿದದ್ದು ಖರ್ಚು ಮಾಡಿದಾಗಲ್ಲ. ನಮ್ಮ ವೃತ್ತಿಯಲ್ಲಿ ಒಂದು ಕಷ್ಟವಿದೆ: ಬಂದವರು ಗುಣವಾದರೆ ನಮ್ಮ ಆದಾಯ ಕಡಿಮೆ. ‘ಇನ್ನ ನೀವು ಬರೂದು ಬ್ಯಾಡ್ರಿ, ಚಲೋ ಆಗೀರಿ’ ಎಂದು ಹೇಳಬೇಕಾದ ದಿನ, ‘ಇದಕ್ಕೆ ನನ್ನ ಮಾತು ಸಾಲದು, ಮನೋವೈದ್ಯರನ್ನು ಕಾಣಿರಿ’ ಎಂದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಚೀಟಿ ಬರೆಯಬೇಕಾದ ದಿನ, ಮುಂದಿನ ತಿಂಗಳ ಬಾಡಿಗೆಯ ಚಿಂತೆ ತಲೆಯಲ್ಲಿದ್ದರೆ ನಾಲಿಗೆ ತಡೆಯುತ್ತದೆ. ನಾಲ್ಕು ತಿಂಗಳ ಖರ್ಚು ಬ್ಯಾಂಕಿನಲ್ಲಿರುವುದರಿಂದ ನಾನು ಸರಿಯಾದ ದಿನಕ್ಕೆ ಸರಿಯಾದ ಮಾತು ಹೇಳಬಲ್ಲೆ. ಭಾನುವಾರ ಫೋನ್ ಬಂದ್ ಮಾಡಿ ಮಕ್ಕಳ ಜೊತೆ ಇರುವುದಕ್ಕೂ ಅದೇ ಹಣದ ಧೈರ್ಯ.

ಇನ್ನೊಂದು ವಿದ್ಯೆಯನ್ನು ನನಗೆ ಕಲಿಸಿದ್ದು ಬಬಲೇಶ್ವರದ ಹೆಣ್ಣುಮಕ್ಕಳು. ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಒಬ್ಬಾಕೆ ಬಂದಿದ್ದಳು. ಯಾವಾಗ ಹೆಚ್ಚು ಎಂದು ಕೇಳಿದರೆ, ‘ಸೋಮವಾರ ಬಂತಂದ್ರ ಸಾಕ್ರಿ ಅಕ್ಕಾರ’ ಅಂದಳು. ಸೋಮವಾರ ಗುಂಪಿನ ಸಾಲದ ಕಂತು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಕಂತಿನ ಕಾರ್ಡುಗಳನ್ನು ತೆಗೆದಳು. ಒಂದಲ್ಲ, ಮೂರು ಸಂಸ್ಥೆಯವು. ಅಂದಿನಿಂದ ನಾನು ಸಾಲದ ಕಾಗದ ಓದುವುದನ್ನು ಕಲಿತೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಇವನ್ನು ಆಕೆಗೆ ಓದಿ ಹೇಳಿದೆ. ಸಾಲ ತೀರಲಿಲ್ಲ, ತೀರಿಸಲೇಬೇಕು. ಆದರೆ ರಾತ್ರಿ ಬಾಗಿಲು ಬಡಿಯುವ ಹಕ್ಕು ಯಾರಿಗೂ ಇಲ್ಲ ಎಂದು ತಿಳಿದ ಮೇಲೆ ಆಕೆ ನಿದ್ದೆ ಮಾಡಿದಳು.

ಆರೋಗ್ಯ ವಿಮೆ ಇರುವವರು ಇದೊಂದನ್ನು ನೋಡಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗಿರುವ ವಿಮೆ ಮನಸ್ಸಿನ ಕಾಯಿಲೆಗೂ ಇರಬೇಕು. ಬಹಳಷ್ಟು ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಕೊಡುತ್ತವೆ, ನನ್ನಂಥವರ ಫೀ ಅದರಲ್ಲಿ ಬರುವುದಿಲ್ಲ. ನೌಕರಿ ಬಿಟ್ಟವರಿಗೆ ಕಂಪನಿಯ ವಿಮೆಯೂ ತಪ್ಪುತ್ತದೆ, ಹಾಗಾಗಿ ನಾನು ಸ್ವಂತ ಪಾಲಿಸಿ ಮಾಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. ಮುಂದೂಡಿದವರು ಈಗ ಮಾಡಿಸಬಹುದು.

ಹಣವಿಲ್ಲವೆಂದು ಮನಸ್ಸಿನ ನೋವನ್ನು ಮುಚ್ಚಿಟ್ಟುಕೊಂಡು ಯಾರೂ ಕೂರಬೇಡಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ; ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ.