ಇಳಿಸುವ ಖರ್ಚು

ನನ್ನ ಮೇಜಿನ ಮೇಲೆ ಒಂದು ಗಿಯರ್ ಇದೆ. ಅಂಗೈ ಅಗಲದ ಸತುವಿನ ಎರಕ. ಒಂದು ಕಡೆ ಏಳು ಹಲ್ಲು ಸವೆದು ಮೊಂಡಾಗಿವೆ, ಎರಡು ಬುಡದಿಂದಲೇ ಕಿತ್ತುಹೋಗಿವೆ. ಹಲ್ಲುಗಳ ಸಂದಿಯಲ್ಲಿ ಕಪ್ಪು ಗ್ರೀಸ್ ಒಣಗಿ ಕೂತಿದೆ, ಉಗುರಿನಿಂದ ಕೆರೆದರೆ ಲೋಹದ ಪುಡಿ ಮಿನುಗುತ್ತದೆ. ಈ ಗಿಯರ್ ಇದ್ದ, ರೇಡಿಯೊ ಆಂಟೆನಾ ತಿರುಗಿಸುವ ರೋಟೇಟರ್‌ಗೆ ನಾನು ತೆತ್ತದ್ದು 54,650 ರೂಪಾಯಿ. ಬಿಲ್ಲಿನಲ್ಲಿ ಮಾತ್ರ 14,500 ಎಂದಿದೆ. ನಡುವಿನ 40,150 ರೂಪಾಯಿ ಎಲ್ಲಿ ಹೋಯಿತು ಎಂಬುದೇ ಈ ಸಲದ ಲೆಕ್ಕ.

ನಮ್ಮೂರು ಆನೆಗೊಂದಿ. ಹ್ಯಾಮ್ ರೇಡಿಯೊ ಲೈಸೆನ್ಸ್ ಕೈಗೆ ಬಂದಾಗ ಮೊದಲ ಆಂಟೆನಾ ಕಟ್ಟಿದ್ದು ಅಲ್ಲಿನ ಮನೆಯ ಹಿತ್ತಲಲ್ಲಿ. ಎರಡು ತೆಂಗಿನ ಮರಗಳ ನಡುವೆ ಎಳೆದ ತಂತಿ, ಅಷ್ಟೆ. ಟವರ್ ಮಾತ್ರ ಅಲ್ಲಿ ಏಳಲಿಲ್ಲ. ಹಂಪಿ ವಿಶ್ವ ಪರಂಪರೆ ಪ್ರದೇಶದೊಳಗಿನ ಊರದು, ಏನೇ ಕಟ್ಟುವುದಿದ್ದರೂ ಪ್ರಾಧಿಕಾರದ ಅನುಮತಿ ಬೇಕು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿದ್ದಕ್ಕೆ ಕಾರಣವಾದ ಕಾಮಗಾರಿಗಳಲ್ಲಿ ನಮ್ಮ ಆನೆಗೊಂದಿ ಸೇತುವೆಯೂ ಒಂದು. ಪಟ್ಟಿಯಿಂದ ಹಂಪಿ ಹೊರಬಂದದ್ದು 2006ರಲ್ಲಿ. ಆ ಸೇತುವೆ ಪೂರ್ತಿಯಾಗುವ ಮೊದಲೇ, 2009ರ ಜನವರಿಯಲ್ಲಿ, ಕುಸಿದು ಕೂಲಿಕಾರರ ಜೀವ ಹೋಯಿತು. ಅಂಜನಾದ್ರಿ ಬೆಟ್ಟ ಕಾಣುವ ದಿಕ್ಕಿಗೆ ಕಬ್ಬಿಣದ ಕಂಬ ನಿಲ್ಲಿಸಲು ನನಗೂ ಮನಸ್ಸಿರಲಿಲ್ಲ. ಹಾಗಾಗಿ 12 ಮೀಟರಿನ ಟವರ್ ನಿಂತದ್ದು ಗಂಗಾವತಿಯ ಮನೆಯ ತಾರಸಿ ಮೇಲೆ.

ಇದಕ್ಕೆಲ್ಲ ಇಷ್ಟು ದುಡ್ಡು ಯಾಕೆ ಎಂದು ಕೇಳುವವರಿಗೆ ನನ್ನ ಹತ್ತಿರ ಒಂದೇ ಉತ್ತರ. 2019ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ನದಿಗೆ ನೀರು ಬಿಟ್ಟಾಗ ವಿರುಪಾಪುರಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಹಾಕಿಕೊಂಡರು, ಹೆಲಿಕಾಪ್ಟರ್ ತರಬೇಕಾಯಿತು. ಆ ಎರಡು ದಿನ ಹೊಳೆ ದಂಡೆಯಲ್ಲಿ ನಿಂತವನು ನಾನು. ಮೊಬೈಲ್ ಕೈಕೊಟ್ಟ ದಿನ ನಮ್ಮ ಕಡೆಯ ಸುದ್ದಿ ಹೊರಗೆ ಮುಟ್ಟಿಸುವ ಒಂದು ದಾರಿಯಾದರೂ ಇರಲಿ ಎಂದು ಅಂದೇ ತೀರ್ಮಾನಿಸಿದೆ. ದಿಕ್ಕು ಬದಲಿಸಲು ಬಾರದ ಬೀಮ್ ಆಂಟೆನಾ ಅರ್ಧ ಆಂಟೆನಾ. ರೋಟೇಟರ್ ಬೇಕೇ ಬೇಕಿತ್ತು.

ತಪ್ಪಿದ್ದು ಮುಂದಿನ ಹೆಜ್ಜೆ. 2021ರ ಮಾರ್ಚಿನಲ್ಲಿ ಟವರ್, ಆಂಟೆನಾ, ಕೇಬಲ್ ಎಲ್ಲಕ್ಕೂ ಖರ್ಚು ಮಾಡಿ ಕೈ ಬರಿದಾಗಿತ್ತು. ಜಪಾನಿನ ಒಳ್ಳೆಯ ರೋಟೇಟರ್‌ಗೆ 68,000 ಹೇಳಿದರು. ಆನ್‌ಲೈನಿನಲ್ಲಿ ಒಂದು 14,500ಕ್ಕೆ ಸಿಕ್ಕಿತು, ಮೇಲೆ ದೊಡ್ಡ ಅಕ್ಷರದಲ್ಲಿ ‘ಹೆವಿ ಡ್ಯೂಟಿ’. ಅದು ಟಿವಿ ಆಂಟೆನಾ ತಿರುಗಿಸಲು ಮಾಡಿದ ಯಂತ್ರ. ಅದಕ್ಕೆ ಮೂರು ಎಲಿಮೆಂಟಿನ ಟ್ರೈಬ್ಯಾಂಡರ್ ಆಂಟೆನಾ ಹೊರಿಸಿದೆ. ಏಳು ಎಳೆಯ ಕೇಬಲ್ ಮೀಟರಿಗೆ 85ರಂತೆ 30 ಮೀಟರ್, 2,550. ಮೊಬೈಲ್ ಟವರ್ ಕೆಲಸದ ಇಬ್ಬರು ಹುಡುಗರಿಗೆ ಏರಿಸಿದ ಕೂಲಿ 6,000. ಒಟ್ಟು 23,050. ಐವತ್ಮೂರು ಸಾವಿರಕ್ಕೂ ಮಿಕ್ಕಿ ಉಳಿಸಿದೆ ಎಂದುಕೊಂಡು ಆ ರಾತ್ರಿ ಮಲಗಿದೆ.

2022ರ ಮೇ ತಿಂಗಳ ಅಡ್ಡಮಳೆ ಗಾಳಿಗೆ ಮೊದಲ ಸಲ ಗಿಯರ್ ಹೋಯಿತು. ಇಳಿಸಲು 6,000. ಹುಬ್ಬಳ್ಳಿಯ ಲೇಥಿನಲ್ಲಿ ಹಲ್ಲು ಕಟ್ಟಿಸಿ ಹೊಸ ಪಿನ್ ಹಾಕಿಸಲು 4,200. ಮತ್ತೆ ಏರಿಸಲು 6,000. ಲೇಥಿನವರ ಕೈ ಬಿಡುವಾಗಿ ಅದು ಮರಳಿ ಮೇಲೇರಿದ್ದು 2023ರ ಜನವರಿಯಲ್ಲಿ. ಎಂಟು ತಿಂಗಳು ಆಂಟೆನಾಕ್ಕೆ ಹಗ್ಗ ಕಟ್ಟಿ ವಾಯುವ್ಯಕ್ಕೆ ಬಿಗಿದಿಟ್ಟಿದ್ದೆ. ಯುರೋಪ್ ಬಿಟ್ಟು ಬೇರೆ ಏನೂ ಸರಿಯಾಗಿ ಕೇಳುತ್ತಿರಲಿಲ್ಲ. ಸೂರ್ಯನ 25ನೇ ಚಕ್ರ ಏರುತ್ತಿದ್ದ, 10 ಮೀಟರ್ ಬ್ಯಾಂಡ್ ದಿನವಿಡೀ ತೆರೆದಿರುತ್ತಿದ್ದ ಕಾಲ ಅದು. ಅಂಥ ಕಾಲ ಮತ್ತೆ ಬರಲು ಹನ್ನೊಂದು ವರ್ಷ ಕಾಯಬೇಕು. ಆ ನಷ್ಟವನ್ನು ನಾನು ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಆರು ತಿಂಗಳಿಗೆ ಆಷಾಢದ ಗಾಳಿ ಬಂತು. ಬೆಳಗಿನ ಜಾವ ತಾರಸಿಗೆ ಹೋದರೆ ಆಂಟೆನಾ ಗಿರಗಿಟ್ಲೆಯ ಹಾಗೆ ತನ್ನಷ್ಟಕ್ಕೆ ಸುತ್ತುತ್ತಿತ್ತು. ಕೋಆಕ್ಸ್ ಕೇಬಲ್ ಮಾಸ್ಟಿಗೆ ಏಳು ಸುತ್ತು ಸುತ್ತಿಕೊಂಡು ತುಂಡಾಗಿತ್ತು. ರೋಟೇಟರಿನ ಕವಚ ಬಿರಿದು ಮಾಸ್ಟು ವಾಲಿ, ರಿಫ್ಲೆಕ್ಟರಿನ ತುದಿ ಗೈ ತಂತಿಗೆ ಬಡಿದು ಮುರಿದಿತ್ತು. ಮೇಲೆ ಹತ್ತಿದ ಹುಡುಗ ಅಲ್ಲಿಂದಲೇ ಕೂಗಿದ: ‘ಸರ, ಇದರ ಸಲುವಾಗಿ ಮತ್ತ ನಮ್ಮನ್ನ ಕರೀಬ್ಯಾಡ್ರಿ. ಗಟ್ಟಿ ಇದ್ದದ್ದು ತರ್ರಿ, ಬರ್ತೀವಿ.’ ಇಳಿಸಿದ್ದಕ್ಕೆ 6,000, ಎಲಿಮೆಂಟಿಗೆ 5,800, ಕೋಆಕ್ಸಿಗೆ 3,600.

ಈಗ ಕೂಡಿಸಿ. ಮೊದಲ ಸಲ 23,050. ಎರಡನೇ ಸಲ 16,200. ಮೂರನೇ ಸಲ 15,400. ಒಟ್ಟು 54,650. ಅದು ಕೆಲಸ ಮಾಡಿದ್ದು ಮೊದಲು 14 ತಿಂಗಳು, ಆಮೇಲೆ 6, ಒಟ್ಟು 20 ತಿಂಗಳು. ತಿಂಗಳಿಗೆ 2,732 ರೂಪಾಯಿ. ಇದರಲ್ಲಿ 24,000 ಬರೀ ಹತ್ತಿ ಇಳಿದ ಕೂಲಿ. ಅಂದರೆ ಯಂತ್ರದ ಬೆಲೆಗಿಂತ ಅದನ್ನು ಮುಟ್ಟುವ ಬೆಲೆಯೇ ಹೆಚ್ಚಾಯಿತು.

2023ರ ಕೊನೆಗೆ ತಂದ ರೋಟೇಟರಿನ ಲೆಕ್ಕ ಹೀಗಿದೆ. ಯಂತ್ರ 68,000, ಥ್ರಸ್ಟ್ ಬೇರಿಂಗ್ 6,500, ದಪ್ಪ ಮಾಸ್ಟ್ ಪೈಪ್ 4,300, ಏರಿಸಿದ ಕೂಲಿ ಅದೇ 6,000. ಒಟ್ಟು 84,800. ಹತ್ತು ವರ್ಷ ಬಾಳುತ್ತದೆ ಎಂದು ಹಿಡಿದಿದ್ದೇನೆ, ನಡುವೆ ಒಮ್ಮೆ ಇಳಿಸಿ ಗ್ರೀಸ್ ಬದಲಿಸಿ ಏರಿಸಲು 15,000 ಎತ್ತಿಟ್ಟಿದ್ದೇನೆ. 99,800ನ್ನು 120 ತಿಂಗಳಿಗೆ ಹಂಚಿದರೆ ತಿಂಗಳಿಗೆ 832 ರೂಪಾಯಿ. ಹತ್ತರ ಬದಲು ಐದೇ ವರ್ಷ ಬಾಳಿ, ಗ್ರೀಸ್ ಖರ್ಚೂ ಸೇರಿದರೂ 1,663. ಆಗಲೂ ನನ್ನ ಹಳೆಯ ‘ಉಳಿತಾಯ’ಕ್ಕಿಂತ ಸಾವಿರ ಕಡಿಮೆ.

ಗಾಳಿಯ ಲೆಕ್ಕವನ್ನೂ ಹೇಳದೆ ಬಿಡಲಾರೆ, ಯಾಕೆಂದರೆ ಇದನ್ನು ಮೊದಲೇ ಮಾಡಿದ್ದರೆ ಮೇಲಿನ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ. ಐಎಸ್ 875ರ 3ನೇ ಭಾಗದಲ್ಲಿ ದೇಶದ ಗಾಳಿಯ ನಕ್ಷೆ ಇದೆ. ಅದರ ಅತಿ ಕಡಿಮೆ ವಲಯವೇ ಸೆಕೆಂಡಿಗೆ 33 ಮೀಟರ್, ಗಂಟೆಗೆ 119 ಕಿಲೋಮೀಟರ್. ನಮ್ಮ ಜಿಲ್ಲೆ ಯಾವ ವಲಯ ಎಂಬ ವಾದ ಬೇಡ, ಅತಿ ಕಡಿಮೆಯನ್ನೇ ಹಿಡಿಯೋಣ. 33ರ ವರ್ಗ 1,089. ಅದನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ 653 ನ್ಯೂಟನ್. ನನ್ನ ಆಂಟೆನಾದ ಗಾಳಿ ವಿಸ್ತೀರ್ಣ 0.6 ಚದರ ಮೀಟರ್. ಅಲ್ಲಿಗೆ 392 ನ್ಯೂಟನ್, 40 ಕೆಜಿ ತೂಕದಷ್ಟು. ಕೊಳವೆಯ ಆಕಾರದ ಗುಣಾಂಕವನ್ನು ಬಿಟ್ಟಿದ್ದೇನೆ. ಈ 40 ಕೆಜಿ ಮಾಸ್ಟಿನ ನಡುಮಧ್ಯಕ್ಕೆ ಬಿದ್ದರೆ ಆಂಟೆನಾ ತಿರುಗುವುದಿಲ್ಲ. ಆದರೆ ಬಿರುಗಾಳಿ ಎರಡೂ ಕಡೆ ಸಮನಾಗಿ ಎಂದೂ ಹೊಡೆಯುವುದಿಲ್ಲ. ನಡುವಿನಿಂದ ಒಂದು ಗೇಣಿನಷ್ಟು, 25 ಸೆಂಟಿಮೀಟರ್, ಆಚೆ ಬಿದ್ದರೆ 40 ಗುಣಿಸು 25: ಸಾವಿರ ಕೆಜಿ-ಸೆಂಟಿಮೀಟರ್ ತಿರುಚುವ ಬಲ.

ನನ್ನ ‘ಹೆವಿ ಡ್ಯೂಟಿ’ ಯಂತ್ರದ ಕಾಗದದಲ್ಲಿ ತಿರುಗಿಸುವ ಬಲ 220 ಎಂದಿತ್ತು. ತಡೆದು ಹಿಡಿಯುವ ಬಲ ಎಷ್ಟು ಎಂಬ ಸಾಲೇ ಇರಲಿಲ್ಲ. ಬ್ರೇಕ್ ಇಲ್ಲದ ಯಂತ್ರಕ್ಕೆ ಗಿಯರಿನ ಹಲ್ಲೇ ಬ್ರೇಕ್. ಗಾಳಿಯ ವೇಗ ಅರ್ಧವಾದರೆ ಬಲ ಕಾಲುಭಾಗವಾಗುತ್ತದೆ, ಗಂಟೆಗೆ 59 ಕಿಲೋಮೀಟರಿಗೆ 250. ಅಂದರೆ ಬಿರುಗಾಳಿಯೇ ಬೇಕಿರಲಿಲ್ಲ. ಪ್ರತಿ ಬೇಸಿಗೆ ಕೊನೆಗೆ ಬಾಳೆ ತೋಟ ಮಲಗಿಸುವ ಗಾಳಿಗೇ ಅದರ ಆಯುಷ್ಯ ಮುಗಿಯಬೇಕಿತ್ತು, ಮುಗಿಯಿತು. ಈಗಿನದರ ತಡೆಯುವ ಬಲ 4,000.

ಇನ್ನೊಂದು ಅಂಕಿಯನ್ನೂ ಎಚ್ಚರದಿಂದ ಓದಬೇಕು. ಹೈಗೇನ್ ಹ್ಯಾಮ್-4 ರೋಟೇಟರನ್ನು ಟವರಿನ ಒಳಗೆ ಕೂರಿಸಿದರೆ 15 ಚದರ ಅಡಿ ಗಾಳಿ ವಿಸ್ತೀರ್ಣ ತಾಳುತ್ತದೆ, ಮಾಸ್ಟಿನ ತುದಿಗೆ ಕೂರಿಸಿದರೆ 7.5 ಚದರ ಅಡಿ ಮಾತ್ರ. ಯಂತ್ರ ಅದೇ, ಕೂರಿಸುವ ಜಾಗ ಬದಲಾದರೆ ತಾಳಿಕೆ ಅರ್ಧ. ಮಾರುವವರು ಹೇಳುವುದು ದೊಡ್ಡ ಅಂಕಿಯನ್ನೇ. ನಾನು ಮೊದಲ ಸಲ ಬೇರಿಂಗಿನ ಖರ್ಚು ಉಳಿಸಲು ತುದಿಗೇ ಕೂರಿಸಿದ್ದೆ.

ಇನ್ನು ಹಳೆಯ ಯಂತ್ರದ ‘ವಿಸ್ತರಿತ ವಾರಂಟಿ’. 1,200 ಕೊಟ್ಟರೆ ಮೂರು ವರ್ಷ ಎಂದು ಕೊಳ್ಳುವಾಗ ಕಣ್ಣಿಗೆ ಕುಕ್ಕುವ ಹಾಗೆ ತೋರಿಸುತ್ತಿದ್ದರು. ನಾನು ಕೊಳ್ಳಲಿಲ್ಲ, ಅದೊಂದು ಸರಿಯಾಗಿ ಮಾಡಿದೆ. ಷರತ್ತು ಓದಿ: ಕೆಟ್ಟ ಯಂತ್ರವನ್ನು ನಾವೇ ಬಿಚ್ಚಿ, ಮೂಲ ಡಬ್ಬಿಯಲ್ಲಿಟ್ಟು, ನಮ್ಮ ಖರ್ಚಿನಲ್ಲಿ ಕಳಿಸಬೇಕು, ಗಾಳಿ, ಸಿಡಿಲು, ‘ಅತಿಭಾರ’ ಇವುಗಳಿಂದಾದ ಹಾನಿಗೆ ಅನ್ವಯಿಸದು. ಟವರಿನ ಮೇಲಿನ ಯಂತ್ರ ಗಾಳಿ, ಸಿಡಿಲು, ಭಾರ ಬಿಟ್ಟು ಇನ್ನಾವುದರಿಂದ ಕೆಡುತ್ತದೆ? ಇಳಿಸುವ 6,000 ಕೊಡದ ವಾರಂಟಿ ನನ್ನ ಪಾಲಿಗೆ ವಾರಂಟಿಯಲ್ಲ. ಇಂಥದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೇರೆ ದಾರಿಗಳಿವೆ. ಮಾಸ್ಟನ್ನು ತಾರಸಿವರೆಗೆ ಇಳಿಬಿಟ್ಟು ಕೈಯಿಂದಲೇ ತಿರುಗಿಸಬಹುದು, ಕೆಟ್ಟರೆ ತಾರಸಿಯ ಮೇಲೆ ನಿಂತೇ ರಿಪೇರಿ. ಕತಾರ್‌ನ ಎಸ್‌ಹೈಲ್-2 ಉಪಗ್ರಹವನ್ನು ಹ್ಯಾಮ್‌ಗಳೂ ಬಳಸುತ್ತಾರೆ, ಅದು ಭೂಸ್ಥಿರ. ನಮ್ಮಲ್ಲಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕೆ ಒಂದು ಡಿಶ್ ಬಿಗಿದರೆ ಸಾಕು, ತಿರುಗಿಸುವ ಮಾತೇ ಇಲ್ಲ. ಬಳಸಿದ ಒಳ್ಳೆಯ ರೋಟೇಟರ್ ಸಿಕ್ಕರೆ, ಬಿಡಿಭಾಗ ಸಿಗುವುದಾದರೆ, ಅದೂ ಆಗಬಹುದು.

ಆದರೆ ನನ್ನ ಮನಸ್ಸಿನಲ್ಲಿ ಕೊರೆಯುವುದು ಯಂತ್ರವಲ್ಲ, ನಾನು ಕೊಂಡ ರೀತಿ. ನಮ್ಮ ಅಪ್ಪ ಎತ್ತು ಕೊಳ್ಳಲು ಹೋದರೆ ಬಾಯಿ ಬಿಡಿಸಿ ಹಲ್ಲು ನೋಡದೆ ದುಡ್ಡು ಬಿಚ್ಚುತ್ತಿರಲಿಲ್ಲ. ಬೋರಿಗೆ ಮೋಟರ್ ತರುವಾಗ ಅವರು ಅಂಗಡಿಯವನಿಗೆ ಬೆಲೆ ಕೇಳುತ್ತಿದ್ದದ್ದು ಕೊನೆಗೆ. ಮೊದಲು ಕೇಳುತ್ತಿದ್ದದ್ದು, ‘ಇದು ಕೆಟ್ಟರ ಮ್ಯಾಲೆ ತಗಿಯಾಕ ಎಷ್ಟ ಆಗ್ತೈತಿ?’ ಇನ್ನೂರು ಅಡಿ ಆಳದ ಮೋಟರನ್ನು ಚೈನ್ ಕಪ್ಪಿ ಹಾಕಿ ಎತ್ತುವ ಖರ್ಚು ನಮ್ಮ ಕಡೆಯ ಪ್ರತಿ ರೈತನಿಗೂ ಬಾಯಿಪಾಠ. ಹಾಗಾಗಿಯೇ ಮೋಟರಿನಲ್ಲಿ ಯಾರೂ ಜಿಪುಣತನ ಮಾಡುವುದಿಲ್ಲ. ನಲವತ್ತು ಅಡಿ ಮೇಲಿದ್ದರೂ ಇನ್ನೂರು ಅಡಿ ಕೆಳಗಿದ್ದರೂ ಕೈಗೆ ಎಟುಕದ್ದು ಎಟುಕದ್ದೇ. ಆ ಮನೆಯಲ್ಲಿ ಬೆಳೆದ ನಾನು ಮೊಬೈಲ್ ಪರದೆಯ ಮೇಲೆ ಬೆಲೆಯ ಏರಿಕೆ ಕ್ರಮದಲ್ಲಿ ಪಟ್ಟಿ ಜೋಡಿಸಿ ಮೊದಲನೆಯದನ್ನು ಒತ್ತಿದೆ. ಈ ಚಟ ನಮ್ಮೆಲ್ಲರಿಗೂ ಅಂಟಿದೆ. ನೀರಿನ ಟ್ಯಾಂಕಿನ ವಾಲ್ವ್, ಗೋಡೆಯೊಳಗಿನ ವೈರು, ಸೋಲಾರ್ ಫಲಕದ ಬೋಲ್ಟು, ಎಲ್ಲವನ್ನೂ ಹಾಗೇ ಕೊಳ್ಳುತ್ತೇವೆ. ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು ‘ಮುಟ್ಟುವ ಖರ್ಚು’ ಎಂದು ಬರೆದು ಅದರ ಮುಂದೆ ಒಂದು ಅಂಕಿ ಹಾಕಿ. ಈಗ ನನ್ನ ಖರ್ಚಿನ ಪುಸ್ತಕದಲ್ಲಿ ಆ ಕಾಲಮ್ಮಿಲ್ಲದ ಪುಟವಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಯಿತು. ಅಣೆಕಟ್ಟಿಗಿರುವ ಗೇಟುಗಳು 33. ಕೈಕೊಟ್ಟದ್ದು ಒಂದರ ಚೈನ್. ಅದೂ ತುಂಬಿದ ಜಲಾಶಯದಲ್ಲಿ, ಯಾರ ಕೈಗೂ ಎಟುಕದ ಜಾಗದಲ್ಲಿ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಮುಚ್ಚುವ ತನಕ ಗಂಗಾವತಿಯ ಭತ್ತದ ರೈತರು ಉಸಿರು ಬಿಗಿಹಿಡಿದಿದ್ದರು. ಆ ವಾರ ನನ್ನ ಮೇಜಿನ ಮೇಲಿನ ಗಿಯರನ್ನು ನೋಡಿದಾಗಲೆಲ್ಲ ಆ ಚೈನೇ ಕಣ್ಣ ಮುಂದೆ ಬರುತ್ತಿತ್ತು.

ಹೊಸ ರೋಟೇಟರಿಗೆ ಎರಡು ಆಷಾಢ ಕಳೆದಿವೆ. ಗಾಳಿಯ ರಾತ್ರಿಯ ಮರುದಿನ ಎದ್ದ ಕೂಡಲೇ ಈಗಲೂ ಕಂಟ್ರೋಲ್ ಬಾಕ್ಸಿನ ಮುಳ್ಳು ನೋಡುತ್ತೇನೆ, ಆಮೇಲೆ ತಾರಸಿಗೆ ಹೋಗಿ ಆಂಟೆನಾ ನೋಡುತ್ತೇನೆ. ಎರಡೂ ಒಂದೇ ದಿಕ್ಕು ಹೇಳುತ್ತಿವೆ.

ಮೊನ್ನೆ ಕುಷ್ಟಗಿ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ, ಹೊಸದಾಗಿ ಲೈಸೆನ್ಸ್ ಬಂದಿದೆಯಂತೆ. ‘ಸರ, ನಿಮ್ಮ ಹಳೇ ರೋಟೇಟರ್ ಹಂಗ ಬಿದ್ದೈತಿ ಅಂತ ಕೇಳಿದ್ನಿ. ಮೂರು ಸಾವಿರಕ್ಕ ಕೊಡ್ತೀರೇನ್ರಿ? ರಿಪೇರಿ ಮಾಡಸ್ಕೋತೀನಿ.’ ಕೊಡುವುದಿಲ್ಲ ಎಂದೆ. ನಿಮ್ಮ ಹೊಲದಲ್ಲಿ ಎರಡು ಮರ ಇದ್ದಾವೇನಪ್ಪ ಎಂದು ಕೇಳಿದೆ. ಬೇವಿನ ಮರ ಅದಾವ್ರಿ ಎಂದ. ತಂತಿ, ಇನ್ಸುಲೇಟರ್ ಎಲ್ಲ ಸೇರಿ 900 ರೂಪಾಯಿ ಹಿಡಕೊಂಡು ಭಾನುವಾರ ಬಾ, ಹಗ್ಗ ನನ್ನ ಹತ್ತಿರ ಇದೆ ಎಂದೆ.